ಕೆಳಗಿನ ಮನೆಯಿಂದ ಓ

ಅವರ ಕತ್ತಿನಲ್ಲಿ, ಎರಡು ಎಲುಬು ಕೂಡುವ ಗುಳಿಯಲ್ಲಿ, ಎಂಟಾಣೆ ಅಗಲದ ಒಂದು ತೂತಿತ್ತು. ಉಸಿರು ಅದರಲ್ಲೇ ಹೋಗಿ ಅದರಲ್ಲೇ ಬರುತ್ತಿತ್ತು. ಮೇಲೊಂದು ಬಿಳಿ ಬಟ್ಟೆಯ ತುಂಡು, ಕೂಸುಗಳಿಗೆ ಜೊಲ್ಲಿಗೆಂದು ಕಟ್ಟುತ್ತಾರಲ್ಲ, ಅಂಥದ್ದು. ನಕ್ಕರೆ ಸದ್ದಿಲ್ಲ, ಆ ಬಟ್ಟೆ ಪಟಪಟ ಹಾರುತ್ತಿತ್ತು. ಕೋಪ ಬಂದರೂ ಹಾಗೇ ಹಾರುತ್ತಿತ್ತು. ನಗುವೋ ಕೋಪವೋ ಎಂದು ತಿಳಿಯಬೇಕಾದರೆ ಕಣ್ಣು ನೋಡಬೇಕು. ಬಾಡಿಗೆಗೆ ಮನೆ ಕೇಳಿಕೊಂಡು ಬಂದ ದಿನ ನಾನು ಮುಖ ತಿರುಗಿಸಲಿಲ್ಲ. ಇದು ಅಂಟುತ್ತದೆಯೇ ಎಂದು ನೇರವಾಗಿ ಕೇಳಿದೆ. ಅವರು ಕೈಯಲ್ಲಿದ್ದ ಸ್ಲೇಟಿನ ಮೇಲೆ ಬರೆದು ತೋರಿಸಿದರು: "ಇದು ಅಂಟಲ್ಲ. ಬೀಡಿ ಅಂಟಿತ್ತು, ಅದರಿಂದ ಬಂತು." ಅಷ್ಟು ಓದಲು ನನಗೆ ಬಹಳ ಹೊತ್ತು ಹಿಡಿಯಿತು. ಅವರು ಸ್ಲೇಟು ಹಿಡಿದುಕೊಂಡೇ ನಿಂತಿದ್ದರು. ಓದಿ ಮುಗಿಸಿ ಕೀಲಿ ಕೊಟ್ಟೆ.

ಭದ್ರಾವತಿಯ ಕಾರ್ಖಾನೆಯೊಂದರ ಪಂಪ್‌ಹೌಸಿನಲ್ಲಿ ಫೋರ್‌ಮನ್ ಆಗಿದ್ದವರು. ಹೆಂಡತಿ ಮೊದಲೇ ಹೋಗಿದ್ದರು, ಮಕ್ಕಳಿಲ್ಲ. ಒಬ್ಬ ತಂಗಿ ಅಲ್ಲೇ ಜನ್ನಾಪುರದಲ್ಲಿದ್ದರು, ಅಂಗನವಾಡಿ ಟೀಚರಾಗಿ ನಿವೃತ್ತಿಯಾದವರು. ಗಂಟಲಿನ ಆಪರೇಷನ್ ಶಿವಮೊಗ್ಗದಲ್ಲಿ ಆದದ್ದರಿಂದ, ಆಸ್ಪತ್ರೆಗೆ ಓಡಾಡಲು ಹತ್ತಿರವಾಗಲೆಂದು ಇಲ್ಲಿ ಹೊಸಮನೆ ಬಡಾವಣೆಯಲ್ಲಿ ನನ್ನ ಕೆಳಗಿನ ಮನೆ ಹಿಡಿದರು. ಆ ಜಾಗ ಮೊದಲು ನನ್ನ ಹಿಟ್ಟಿನ ಗಿರಣಿ. ಗಂಡ ಸತ್ತ ಮೇಲೆ ಮಂಡಿ ಸವೆಯುವವರೆಗೆ ನಾನೇ ನಡೆಸಿದೆ. ನಾನು ಓದಿದ್ದು ಎರಡನೇ ಕ್ಲಾಸು. ಅಕ್ಷರ ಗೊತ್ತು, ಕೂಡಿಸಿಕೊಂಡು ಓದಲು ಹೊತ್ತು ಬೇಕು. ಬರೆಯುವುದಂತೂ ಕೈಲಾಗದ ಕೆಲಸವಾಗಿತ್ತು. ಗಿರಣಿಗೆ ಬರುವ ಡಬ್ಬಿಗಳ ಮೇಲೆ ಹೆಸರು ಬರೆಯುವ ಬದಲು ಸೀಮೆಸುಣ್ಣದಲ್ಲಿ ಗುರುತು ಹಾಕುತ್ತಿದ್ದೆ. ಒಬ್ಬರಿಗೆ ಅಡ್ಡಗೆರೆ, ಒಬ್ಬರಿಗೆ ಸೊನ್ನೆ, ಒಬ್ಬರಿಗೆ ಕೋಳಿಕಾಲು.

ಅವರು ನನ್ನನ್ನು ಗಿರಣಿಯಮ್ಮ ಎಂದು ಬರೆಯುತ್ತಿದ್ದರು. ನಾನು ಅವರನ್ನು ಫೋರ್‌ಮನ್ನರೇ ಎನ್ನುತ್ತಿದ್ದೆ. ಬಂದ ವಾರವೇ ಗಿರಣಿಯ ಸೂರಿನಲ್ಲಿ ಉಳಿದಿದ್ದ ಹಳೆಯ ಹಿಟ್ಟಿನ ಧೂಳನ್ನೆಲ್ಲ ಒದ್ದೆ ಬಟ್ಟೆಯಲ್ಲಿ ಒರೆಸಿ ತೆಗೆದರು. ಆಮೇಲೆ ನಮ್ಮ ಸಾಲಿನ ಮನೆಗಳ ಕೊಳಾಯಿಗಳನ್ನು ಒಂದೊಂದಾಗಿ ಹಿಡಿದರು. ಎಲ್ಲಿ ಹನಿ ಬೀಳುವ ಸದ್ದು ಕೇಳಿದರೂ ಅಲ್ಲಿ ಹೋಗಿ ನಿಲ್ಲುವರು. ರಿಪೇರಿ ಮಾಡುವಾಗ "ಕೆಲಸ ನಡೆದಿದೆ, ಮುಟ್ಟಬೇಡಿ" ಎಂಬ ತಗಡಿನ ಬೋರ್ಡೊಂದನ್ನು ಅಲ್ಲಿ ನೇತುಹಾಕಬೇಕು, ಅದು ಕಾರ್ಖಾನೆಯ ರೂಢಿ. ಒಂದು ಸಲ ಅದನ್ನು ನನ್ನ ಪಾಯಿಖಾನೆಯ ಬಾಗಿಲಿಗೆ ಹಾಕಿ ಮರೆತು ಆಸ್ಪತ್ರೆಗೆ ಹೋದರು. ಅರ್ಧ ದಿನ ನಾನು ಪಕ್ಕದ ಮನೆಗೆ ಹೋಗಿ ಬರಬೇಕಾಯಿತು. ಸಂಜೆ ಬೈದೆ. ಬಟ್ಟೆ ಹಾರಿತು. ಕಣ್ಣು ನೋಡಿದೆ, ನಗುತ್ತಿದ್ದರು.

ಕೂತಲ್ಲಿ ಕೂರುವ ಮನುಷ್ಯ ಅಲ್ಲ. ಅಂಗಳದಲ್ಲಿ ಆ ಗೋಡೆಯಿಂದ ಈ ಗೋಡೆಗೆ ನಡೆಯುತ್ತಲೇ ಇರುವರು. ಮಧ್ಯಾಹ್ನ ಎರಡು ಹೊಡೆದರೆ, ಪಾಳಿ ಬದಲಾಯಿತೇನೋ ಎಂಬಂತೆ ಗೇಟಿನ ಕಡೆ ನೋಡುವರು. ಅವರ ತಂಗಿ ಹೇಳುತ್ತಿದ್ದರು, ಪಂಪುಗಳು ಓಡುವಾಗ ಇವರು ಕೂಗಿದರೆ ದೂರದ ಗೇಟಿನಲ್ಲಿದ್ದವರು ತಿರುಗಿ ನೋಡುತ್ತಿದ್ದರಂತೆ. ಅಂಥ ಗಂಟಲು. ಅದನ್ನು ಕಿತ್ತು ತೆಗೆದ ಮೇಲೆ ಆ ಕೂಗೆಲ್ಲ ಕಾಲಿಗೆ ಇಳಿದಿತ್ತು ಎಂದು ಕಾಣುತ್ತದೆ.

ಮಾತು ಹೋದವನಿಗೆ ಕಷ್ಟ ಎಲ್ಲಿ ಬರುತ್ತದೆ ಎಂದು ನನಗೆ ಅವರಿಂದ ಗೊತ್ತಾಯಿತು. ಬರೆಯುವುದು ಕಷ್ಟವಲ್ಲ. ಬರೆದು ಮುಗಿಸಲು ಯಾರೂ ಬಿಡುವುದಿಲ್ಲ. ಹಾಲಿನವನಿಗೆ "ನಾಳೆ" ಎಂದು ಬರೆಯುವಷ್ಟರಲ್ಲಿ ಅವನು, ನಾಳೆ ಬೇಡವೇ, ಆಯಿತು ಎಂದು ಗಾಡಿ ಹತ್ತಿಬಿಡುವನು. ಅವರು ಬರೆಯಬೇಕಿದ್ದದ್ದು ನಾಳೆ ಅರ್ಧ ಲೀಟರು ಜಾಸ್ತಿ ಎಂದು. ಇನ್ನು ಕೆಲವರು ಬಾಯಿ ಬಾರದವನಿಗೆ ಕಿವಿಯೂ ಕೇಳಿಸದು ಎಂದುಕೊಂಡು ಕಿರುಚುವರು. ನಾನು ಹಾಗೆ ಮಾಡಲಿಲ್ಲ. ಒಳ್ಳೆಯವಳೆಂದು ಅಲ್ಲ. ನನಗೆ ಓದಲು ಅವರು ಬರೆಯುವಷ್ಟೇ ಹೊತ್ತು ಬೇಕಿತ್ತು. ಅವರ ಬಳಪ, ನನ್ನ ಕಣ್ಣು, ಎರಡೂ ಒಂದೇ ನಡಿಗೆ. ಒಂದು ದಿನ ಬರೆದರು: "ನಾನು ಮುಗಿಸೋ ತನಕ ಕಾಯೋದು ನೀವೊಬ್ಬರೇ." ಕಾಯುತ್ತಿಲ್ಲ, ಇನ್ನೂ ಮೊದಲ ಪದದಲ್ಲೇ ಇದ್ದೇನೆ ಎಂದೆ. ಬಟ್ಟೆ ಬಹಳ ಹೊತ್ತು ಹಾರಿತು.

ಕೆಳಗಿನಿಂದ ನನ್ನನ್ನು ಕರೆಯಲು ಮೊದಲು ಒಂದು ಬೆಲ್ ಹಾಕಿಕೊಂಡಿದ್ದರು. ಬೆಲ್‌ಗೆ ಬಾಯಿಲ್ಲ, ಬನ್ನಿ ಎನ್ನುವುದೊಂದೇ ಗೊತ್ತು. ನಾನು ಈ ಮಂಡಿ ಇಟ್ಟುಕೊಂಡು ಅಡ್ಡಡ್ಡ ಕಾಲಿಟ್ಟು ಹದಿನಾಲ್ಕು ಮೆಟ್ಟಿಲು ಇಳಿದು ಹೋದರೆ, ಸ್ಲೇಟಿನಲ್ಲಿ, "ನಿಮ್ಮ ಹಾಲು ಉಕ್ಕಿದ ವಾಸನೆ ಬರ್ತಿದೆ." ಇನ್ನೊಂದು ಸಲ, "ಮಳೆ ಬರೋ ಹಾಗಿದೆ, ಹಪ್ಪಳ ತೆಗೀರಿ." ಅವರ ಮೊಬೈಲಿನಲ್ಲಿ ಬರೆದು ಕಳಿಸಬಹುದಿತ್ತು, ಆದರೆ ನನ್ನದು ಗುಂಡಿ ಫೋನು, ಅದರ ಅಕ್ಷರ ಇರುವೆ ಸಾಲಿನಂತೆ ಕಾಣುತ್ತಿತ್ತು. ಕೊನೆಕೊನೆಗೆ ಬೆಲ್ ಹೊಡೆದರೆ ನನಗೆ ರೇಗುತ್ತಿತ್ತು.

ಬೇಸಿಗೆಯ ಒಂದು ಮಧ್ಯಾಹ್ನ ಹೀಗೇ ಮೂರು ಸಲ ಇಳಿಸಿ ಹತ್ತಿಸಿದ್ದರು. ನಾಲ್ಕನೇ ಸಲ ಹೊಡೆದಾಗ ನಾನು ಹೋಗಲಿಲ್ಲ. ಇನ್ನೂ ಹೊಡೆಯಿತು. ಹೊಡೆಯಲಿ ಎಂದು ರೊಟ್ಟಿ ಬೇಯಿಸಿಕೊಂಡು ಕೂತೆ. ಬೆಲ್ ನಿಂತಿತು. ನಿಂತ ಮೇಲೆ ಯಾಕೋ ಕೂರಲಾಗಲಿಲ್ಲ. ಇಳಿದು ಹೋಗಿ ನೋಡಿದರೆ ಬಾಗಿಲ ಹತ್ತಿರ ಬಿದ್ದಿದ್ದಾರೆ. ಆ ತೂತಿಗೆ ಕಫ ಗಟ್ಟಿಯಾಗಿ ಕಟ್ಟಿ ಉಸಿರು ಸಿಕ್ಕಿಕೊಂಡಿತ್ತು, ಮುಖ ಸೀಸದ ಬಣ್ಣ. ಏನು ಮಾಡಬೇಕೆಂದು ಅವರೇ ಹಿಂದೆ ತೋರಿಸಿಕೊಟ್ಟಿದ್ದರು. ನೀರು ಬಿಟ್ಟೆ, ಬೆನ್ನು ಗುದ್ದಿದೆ, ಚಿಮಟದಲ್ಲಿ ಎಳೆದೆ. ಬಂತು. ಬದುಕಿದರು. ನಾಲ್ಕನೇ ಬೆಲ್‌ಗೆ ನಾನು ಯಾಕೆ ಬರಲಿಲ್ಲ ಎಂದು ಅವರು ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು.

ಆ ಭಾನುವಾರ ತಂಗಿ ಬಂದಾಗ ನಡೆದದ್ದನ್ನು ನಾನೇ ಹೇಳಿದೆ. ಮುಚ್ಚಿಡುವುದು ನನಗೆ ಬರುವುದಿಲ್ಲ. ನಾನು ಹೋಗದೆ ಕೂತಿದ್ದನ್ನೂ ಹೇಳಿದೆ. ಅವರು ತಂದಿದ್ದ ಪಲ್ಯದ ಡಬ್ಬಿಯನ್ನು ಮುಚ್ಚಳ ತೆಗೆಯದೆ ಕೆಳಗಿಟ್ಟರು.

"ಅಣ್ಣ, ನಿಂಗೆ ಕೂಗಕ್ಕಾಗಲ್ಲ, ಇವ್ರಿಗೆ ಇಳಿಯಕ್ಕಾಗಲ್ಲ. ಯಾರನ್ನ ನಂಬಿ ಬಿಡ್ಲಿ ನಿನ್ನ ಇಲ್ಲಿ? ಮುಂದಿನ ಭಾನುವಾರ ಕಾರು ತರ್ತೀನಿ. ಬಟ್ಟೆ ಕಟ್ಟಿಟ್ಟಿರು."

ಅವರು ಸ್ಲೇಟು ತೆಗೆದುಕೊಂಡು "ನನಗೆ" ಎಂದು ಬರೆದರು.

"ನಿಂಗೆ ಬೇಜಾರಾಗುತ್ತೆ, ಗೊತ್ತು ನಂಗೆ. ನಾಕು ದಿನ ಅಷ್ಟೇ, ಆಮೇಲೆ ಹೊಂದ್ಕೊಳ್ತೀಯ," ಎಂದರು ತಂಗಿ.

ಅವರು ಎರಡನೇ ಪದ ಬರೆಯಲಿಲ್ಲ. ಸ್ಲೇಟು ಒರೆಸಿ ಗೋಡೆಗೆ ಒರಗಿಸಿಟ್ಟರು. ಆ ತಂಗಿ ಕೆಟ್ಟವರಲ್ಲ. ಅಣ್ಣನ ಮೇಲೆ ಪ್ರಾಣ. ಮಕ್ಕಳ ಹತ್ತಿರ ಮಾತಾಡಿ ಮಾತಾಡಿ, ಎದುರಿನವರ ಮಾತನ್ನೂ ತಾವೇ ಆಡಿಬಿಡುವ ಅಭ್ಯಾಸವಾಗಿತ್ತು.

ಸೋಮವಾರ ಪೂರ್ತಿ ನನ್ನ ಹತ್ತಿರ ಸ್ಲೇಟು ಹಿಡಿಯಲಿಲ್ಲ. ಅಂಗಳದಲ್ಲಿ ನಡೆದದ್ದೇ ನಡೆದದ್ದು. ಮೇಲೆ ನಾನು ಕಿಟಕಿಯಿಂದ ಒಲೆಗೆ, ಒಲೆಯಿಂದ ಕಿಟಕಿಗೆ. ಮಂಗಳವಾರ ಬೆಳಿಗ್ಗೆ ಮೆಟ್ಟಿಲ ಮೇಲೆ ಬಂದು ಕೂತು ಬರೆದರು. ಒರೆಸಿ ಒರೆಸಿ ಬರೆದರು. ಜನ್ನಾಪುರದಲ್ಲಿ ಎಲ್ಲರೂ ತನ್ನ ಧ್ವನಿ ಕೇಳಿದವರು. ಈಗ ಅವರು ಮಗುವಿನ ಹತ್ತಿರ ಮಾತಾಡಿದ ಹಾಗೆ ಮಾತಾಡುತ್ತಾರೆ. ಹೊಸಮನೆಯಲ್ಲಿ ತಾನು ಬಂದಾಗಿನಿಂದ ಹೀಗೇ ಇರುವವನು, ಯಾರೂ ಅಯ್ಯೋ ಎನ್ನುವುದಿಲ್ಲ. ಕೊನೆಗೆ: "ತಂಗಿಗೆ ಹೇಳಿದ್ದು ಸರಿ. ನನಗೆ ಮೊದಲು ಹೇಳಬೇಕಿತ್ತು." ಹೌದು ಎಂದೆ. ಅದಾದ ಮೇಲೆ ಎದ್ದು ಭದ್ರಾವತಿಯ ಬಸ್ಸು ಹತ್ತಿದರು.

ಅವರ ಹತ್ತಿರ ಮೊದಲೇ ಒಂದು ಹಳೆಯ ಲ್ಯಾಪ್‌ಟಾಪ್ ಇತ್ತು. ಅದಕ್ಕೆ ಲಿನಕ್ಸ್ ಎಂಬುದನ್ನು ಹಾಕಿಕೊಂಡಿದ್ದರು. ಪಂಪ್‌ಹೌಸಿನ ಕಂಟ್ರೋಲ್ ರೂಮಿಗೆ ಕಂಪ್ಯೂಟರ್ ಬಂದಾಗ ಕಲಿತದ್ದಂತೆ. ಅದೇ ಯಾಕೆ ಎಂದು ಕೇಳಿದ್ದಕ್ಕೆ, ಅದರಲ್ಲಿ ಮುಚ್ಚಳ ತೆಗೆದು ಒಳಗೇನಿದೆ ನೋಡಬಹುದು, ಯಾರ ಅಪ್ಪಣೆಯೂ ಬೇಡ ಎಂದು ಬರೆದಿದ್ದರು. ಅವತ್ತು ಓಲ್ಡ್ ಟೌನಿನಲ್ಲಿ ಹಳೆಯ ಸಾಮಾನಿನ ಅಂಗಡಿ ಅಂಗಡಿ ತಿರುಗಿ, ಅದರದೇ ಜೋಡಿ ಹುಡುಕಿಕೊಂಡು ಬಂದರು. ಅದೇ ಕಂಪನಿ, ಅದೇ ಬಣ್ಣ, ಅದೇ ಗಾತ್ರ. ಒಳಗಿನದನ್ನೂ ಮೊದಲನೆಯದರಿಂದ ಪೂರ್ತಿ ಹಾಗೆ ಹಾಗೇ ಎರಡನೆಯದಕ್ಕೆ ಇಳಿಸಿದರು. ಬುಧವಾರ ಅದಕ್ಕೇ ಹೋಯಿತು. ಎರಡನ್ನೂ ಪಕ್ಕಪಕ್ಕ ಇಟ್ಟು, ಯಾವುದು ಯಾವುದು ಹೇಳಿ ಎಂಬಂತೆ ನನ್ನ ಮುಖ ನೋಡಿದರು. ಹೇಳಲಾಗಲಿಲ್ಲ. ಅವರಿಗೆ ಭಾರಿ ಖುಷಿ.

ಆಮೇಲೆ ತಮ್ಮ ಮನೆಯ ಇಂಟರ್ನೆಟ್ ಪೆಟ್ಟಿಗೆಯಿಂದ ಮೆಟ್ಟಿಲ ಗೋಡೆಯುದ್ದಕ್ಕೂ ಒಂದು ನೀಲಿ ತಂತಿ ಎಳೆದರು. ಗೇಣಿಗೊಂದು ಕ್ಲಿಪ್ಪು, ದಾರ ಹಿಡಿದ ಹಾಗೆ ನೆಟ್ಟಗೆ. ಗಾಳಿಯಲ್ಲಿ ಹೋಗುವುದರ ಮೇಲೆ ನಂಬಿಕೆ ಇರಲಿಲ್ಲ, ತಂತಿಯಾದರೆ ಕೈಯಲ್ಲಿ ಹಿಡಿದು ನೋಡಬಹುದು. ಕರೆಂಟು ಹೋದರೆ ಇರಲೆಂದು ಪೆಟ್ಟಿಗೆಗೆ ಒಂದು ಬ್ಯಾಟರಿ ಕಟ್ಟಿದರು. "ಬೀದಿ ಕಂಬ ಬಿದ್ದರೂ ಮನೆಯೊಳಗಿನ ಮಾತು ನಿಲ್ಲಬಾರದು," ಎಂದು ಬರೆದರು. ಒಂದು ಲ್ಯಾಪ್‌ಟಾಪ್ ನನ್ನ ಅಡುಗೆಮನೆಯ ಕಟ್ಟೆಯ ಮೇಲೆ ಬಂತು. ಕರಿ ಪರದೆ, ಅಕ್ಷರ ಹೆಬ್ಬೆರಳು ಗಾತ್ರ. ಅವರು ಕೆಳಗೆ ಬರೆದರೆ ನನ್ನದು ಟಣ್ ಎನ್ನಬೇಕು, ನಾನು ಓದಬೇಕು. ಅದಕ್ಕೆ ಮೊದಲು ಒಂದು ಡಬ್ಬಿ ಇನ್ನೊಂದನ್ನು ಕೂಗುತ್ತದಂತೆ. ಹೊಲದ ಆಚೆ ಇರುವವರನ್ನು ಕೂಗಿದರೆ ಓ ಎನ್ನುತ್ತಾರಲ್ಲ, ಹಾಗೆ ಅದು ಓ ಎಂದರೆ ದಾರಿ ಸರಿಯಿದೆ ಎಂದು ಅರ್ಥ. ಮಾತು ಆಮೇಲೆ.

ಗುರುವಾರ ಹಾಗೆ ಕೂಗಿಸಿದರು. ಕೆಳಗಿನಿಂದ ಗೋಡೆಗೆ ಎರಡು ಸಲ ಬಡಿದರು, ಓ ಬಂತು ಎಂದು. ಬರೆದರಂತೆ. ನನ್ನ ಪರದೆ ಕರಿಯಾಗಿಯೇ ಇತ್ತು. ಮೇಲೆ ಬಂದು ನೋಡಿದರು, ಕೆಳಗೆ ಹೋದರು, ಮತ್ತೆ ಬಂದರು. ಅವರ ಪರದೆಯಲ್ಲಿ ಓ ಎಂಬ ಸಾಲು ಒಂದರ ಕೆಳಗೊಂದು ಬೀಳುತ್ತಲೇ ಇದೆ, ನನ್ನ ಕಡೆ ಏನೂ ಇಲ್ಲ. ತಂತಿ ಬಿಚ್ಚಿ ಬೇರೆ ತಂತಿ ಹಾಕಿದರು. ಕೊನೆಗೆ ಬರೆದರು, ಬರ್ತಿದೆ, ನಿಮಗೆ ನೋಡೋಕೆ ಗೊತ್ತಾಗ್ತಿಲ್ಲ ಎಂದು. ನನಗೆ ಉರಿಯಿತು.

"ನಾನು ಓದೋದು ನಿಧಾನ ಕಣ್ರೀ, ಕುರುಡಿ ಅಲ್ಲ," ಎಂದೆ.

ಶುಕ್ರವಾರ ಅವರು ಊಟ ಮಾಡಲಿಲ್ಲ. ಕೊಟ್ಟ ಗಂಜಿ ಹಾಗೇ ಇತ್ತು. ಬೆಳಿಗ್ಗೆಯಿಂದ ಮೆಟ್ಟಿಲ ಮೇಲೆ ಅವರ ಚಪ್ಪಲಿ ಸದ್ದು, ಮೇಲೆ, ಕೆಳಗೆ, ಮೇಲೆ. ನನಗೂ ಒಂದು ಕಡೆ ಕೂರಲಾಗದೆ ಸೊಪ್ಪು ಬಿಡಿಸಿದ್ದನ್ನೇ ಮತ್ತೆ ಬಿಡಿಸುತ್ತಿದ್ದೆ. ಆ ಮನುಷ್ಯ ಹೋದರೆ ಕೆಳಗಿನ ಮನೆಗೆ ಬೇರೆಯವರು ಬರುತ್ತಾರೆ, ಅದೇನು ದೊಡ್ಡದಲ್ಲ. ಆದರೆ ನಾನು ರೊಟ್ಟಿ ಬೇಯಿಸುತ್ತಾ ಕೂತದ್ದಕ್ಕೆ ಅವರು ಹೋಗುತ್ತಾರೆ ಎಂಬುದು ಸಣ್ಣದಲ್ಲ.

ಮಧ್ಯಾಹ್ನ ನನ್ನ ಕಟ್ಟೆಯ ಮೇಲಿನದು ಬಿಸಿಯಾಗಿದೆ ಎನಿಸಿತು. ಒಲೆಯ ಪಕ್ಕ ಇದೆಯಲ್ಲ, ಸುಟ್ಟೀತು ಎಂದು ಗುಂಡಿ ಒತ್ತಿ ಪೂರ್ತಿ ಆರಿಸಿದೆ. ಆರಿಸಿದ್ದನ್ನು ಹೇಳೋಣವೆಂದು ಕೆಳಗೆ ಇಳಿದೆ. ಅವರು ಪರದೆ ನೋಡುತ್ತಾ ಕೂತಿದ್ದರು. ಸಾಲುಗಳು ಬೀಳುತ್ತಿದ್ದವು. ಏನಿದು ಎಂದು ಕೇಳಿದೆ. ಬೆರಳಿನಲ್ಲಿ ಮೇಲೆ ತೋರಿಸಿದರು, ನಿಮ್ಮದೇ, ಓ ಅಂತಿದೆ ಎಂಬಂತೆ.

"ನಂದು ಆರ್ಸಿ ಬಂದಿದೀನಿ. ಓ ಅಂತಿರೋದು ಯಾರು?"

ಅವರು ನನ್ನನ್ನೇ ನೋಡಿದರು. ಪರದೆ ನೋಡಿದರು. ಎದ್ದು ಮೆಟ್ಟಿಲು ಹತ್ತಿ ಓಡಿದರು, ಅವರು ಓಡಿದ್ದು ನಾನು ಕಂಡದ್ದು ಅದೊಂದೇ ಸಲ. ಮೇಲಿನದು ಆರಿರುವುದನ್ನು ನೋಡಿಕೊಂಡು ಬಂದು, ತಲೆಯ ಮೇಲೆ ಎರಡೂ ಕೈ ಹೊತ್ತು ನೆಲದ ಮೇಲೆ ಕೂತುಬಿಟ್ಟರು. ಬಟ್ಟೆ ಹಾರತೊಡಗಿತು. ನಾನು ಬಗ್ಗಿ ಕಣ್ಣು ನೋಡಿದೆ. ನೀರು ಬರುವಷ್ಟು ನಗುತ್ತಿದ್ದರು.

ಆಮೇಲೆ ಸ್ಲೇಟಿನ ಎರಡೂ ಬದಿ ತುಂಬ ಬರೆದರು. ಪಂಪ್‌ಹೌಸಿನಲ್ಲಿ ಎರಡು ಪಂಪು ಇರುತ್ತವೆ. ಒಂದು ಓಡುತ್ತದೆ, ಇನ್ನೊಂದು ತಯಾರಾಗಿ ನಿಂತಿರುತ್ತದೆ. ಓಡುವುದು ಕೆಟ್ಟರೆ ಆ ಗಳಿಗೆಗೆ ಇನ್ನೊಂದನ್ನು ಚಾಲೂ ಮಾಡಬೇಕು, ಅದಕ್ಕೆ ಎರಡರ ನಡುವೆ ಒಂದು ಸ್ಕ್ರೂವಿನ ವ್ಯತ್ಯಾಸವೂ ಇರಬಾರದು. ಮೂವತ್ತು ವರ್ಷ ಅದನ್ನೇ ಕಾದವರು. ಅದೇ ಬುದ್ಧಿಯಲ್ಲಿ ಎರಡನೇ ಲ್ಯಾಪ್‌ಟಾಪನ್ನು ಮೊದಲನೆಯದರ ಹಾಗೆಯೇ ಮಾಡಿದರು, ಅದರ ವಿಳಾಸವನ್ನೂ ಬಿಡದೆ. ಮನೆಯೊಳಗಿನ ಪ್ರತಿಯೊಂದು ಯಂತ್ರಕ್ಕೂ ಒಂದು ನಂಬರು ಇರಬೇಕಂತೆ, ಬಾಗಿಲ ನಂಬರಿನ ಹಾಗೆ. ಎರಡಕ್ಕೂ ಒಂದೇ ನಂಬರು ಕೂತಿತ್ತು. ಕೆಳಗಿನದು ಆ ನಂಬರನ್ನು ಕೂಗಿದರೆ, ಅದು ನಾನೇ ಅಲ್ಲವೇ ಎಂದು ಕೆಳಗಿನದೇ ಓ ಎನ್ನುತ್ತಿತ್ತು. ಕೂಗು ಬಾಗಿಲು ದಾಟಿ ಹೊರಗೆ ಹೋಗಿರಲೇ ಇಲ್ಲ. "ಎರಡು ಪಂಪು ಒಟ್ಟಿಗೆ ಓಡಿಸಿ ಗೊತ್ತೇ ಇಲ್ಲ ನನಗೆ," ಎಂದು ಬರೆದರು.

ನನ್ನ ಗಿರಣಿಯಲ್ಲೂ ಆಗಿತ್ತು ಎಂದೆ. ಒಂದೇ ತರಹದ ಎರಡು ಡಬ್ಬಿಗೆ ಮರೆತು ಒಂದೇ ಗುರುತು ಹಾಕಿ, ಮೇಷ್ಟರ ಮನೆಯ ಗೋಧಿ ಪೋಲೀಸಿನವರ ಮನೆಗೆ ಹೋಗಿ ಎರಡು ಮನೆಯವರೂ ಬಂದು ಬೈದಿದ್ದರು. ಅವರು ಸೀಮೆಸುಣ್ಣ ನನ್ನ ಕೈಗೆ ಕೊಟ್ಟರು. ನನ್ನದರ ಬೆನ್ನಿಗೆ ಕೋಳಿಕಾಲು ಹಾಕಿದೆ, ಅವರದಕ್ಕೆ ಸೊನ್ನೆ. ಒಳಗಿನ ನಂಬರನ್ನು ಅವರು ಬದಲಾಯಿಸಿದರು, ಕೆಳಗಿನದಕ್ಕೆ ಕೊನೆಯಲ್ಲಿ ಹನ್ನೊಂದು, ಮೇಲಿನದಕ್ಕೆ ಹನ್ನೆರಡು. ನಾನು ಮೇಲೆ ಹತ್ತಿ ಬಂದು ಕೂತೆ. ಟಣ್ ಎಂದಿತು. ಹೆಬ್ಬೆರಳು ಗಾತ್ರದ ಅಕ್ಷರದಲ್ಲಿ "ಗಿರಣಿಯಮ್ಮ" ಎಂದು ಬಂತು. ಅವರು ಮೊದಲೇ ತೋರಿಸಿಕೊಟ್ಟಿದ್ದ ಕೀಲಿಯನ್ನು ಹುಡುಕಿ ಒತ್ತಿ, ನಾನು "ಓ" ಎಂದು ಕಳಿಸಿದೆ. ನನ್ನ ಕೈಯಿಂದ ಇನ್ನೊಬ್ಬರಿಗೆ ಹೋದ ಮೊದಲ ಬರಹ ಅದು.

ಶನಿವಾರವೆಲ್ಲ ಅಭ್ಯಾಸ. ಒತ್ತಕ್ಷರ ಹಾಕಲು ನನಗೆ ಬರುತ್ತಿರಲಿಲ್ಲ, ಬಿಟ್ಟು ಬಿಟ್ಟು ಒತ್ತುತ್ತಿದ್ದೆ. ಅವರು ತಿಳಿದುಕೊಳ್ಳುತ್ತಿದ್ದರು. ಒಂದು ನಿಯಮ ಮಾಡಿದರು. ಪಂಪ್‌ಹೌಸಿನ ಗದ್ದಲದಲ್ಲಿ ಫೋನಿನಲ್ಲಿ ಮಾತಾಡುವಾಗ, ಹೇಳಬೇಕಾದ್ದೆಲ್ಲ ಹೇಳಿದ ಮೇಲೆ ಮುಗೀತು ಎನ್ನುತ್ತಿದ್ದರಂತೆ. ಅಲ್ಲಿಯವರೆಗೆ ಆ ಕಡೆಯವನು ಬಾಯಿ ತೆರೆಯಬಾರದು. ಇಲ್ಲೂ ಹಾಗೇ.

ಭಾನುವಾರ ತಂಗಿ ಕಾರು ತಂದರು. ಡ್ರೈವರು ಗೇಟಿನಲ್ಲೇ ನಿಂತಿದ್ದ. ಫೋರ್‌ಮನ್ ತಂಗಿಯನ್ನು ಕೈಹಿಡಿದು ಮೆಟ್ಟಿಲು ಹತ್ತಿಸಿ ನನ್ನ ಕಟ್ಟೆಯ ಮುಂದೆ ನಿಲ್ಲಿಸಿ ತಾವು ಕೆಳಗೆ ಹೋದರು. ಟಣ್ ಎಂದಿತು. "ತಂಗಿ" ಎಂದು ಬಂತು. ಕೆಳಗೆ ಇನ್ನೊಂದು ಸಾಲು: "ನಾನು ಬರಲ್ಲ." ತಂಗಿ ಮೆಟ್ಟಿಲ ಕಡೆ ತಿರುಗಿ, ಇದೆಲ್ಲ ಆಟ ಬೇಡ, ನಂಗೊತ್ತು ನಿನ್ ಹಟ ಎಂದು ಶುರು ಮಾಡಿದರು. ನಾನು ಅವರ ಮಣಿಕಟ್ಟು ಹಿಡಿದೆ. ಗಿರಣಿಯ ಪಟ್ಟಾ ಎಳೆದ ಕೈ ನನ್ನದು, ಬಿಡಿಸಿಕೊಳ್ಳಲು ಆಗಲಿಲ್ಲ.

"ಮುಗೀತು ಅಂತ ಬಂದಿಲ್ಲ ಇನ್ನೂ. ಸುಮ್ನಿರಿ, ಮಾರಾಯ್ತಿ."

ಸಾಲುಗಳು ಒಂದೊಂದಾಗಿ ಬಂದವು. ಜನ್ನಾಪುರ ಬೇಡ ಎಂದಲ್ಲ. ನೀನು ಬೇಡ ಎಂದಲ್ಲ. ನನಗೆ ಏನಾದರೂ ಆದರೆ ಇಲ್ಲಿ ಕೂಗುತ್ತೇನೆ. ಕೂಗಿದರೆ ಒಬ್ಬರು ಓ ಎನ್ನುತ್ತಾರೆ. ಅಲ್ಲಿ ನಾನು ಕೂಗುವ ಮೊದಲೇ ಎಲ್ಲರೂ ಓ ಎಂದುಬಿಡುತ್ತಾರೆ. ನಡುನಡುವೆ ಬಹಳ ಹೊತ್ತು ಏನೂ ಬರಲಿಲ್ಲ. ಆ ಹೊತ್ತಿನಲ್ಲಿ ತಂಗಿಯ ಕೈ ನನ್ನ ಕೈಯೊಳಗೆ ಮಿಡುಕುತ್ತಿತ್ತು. ಕೊನೆಗೆ ಮುಗೀತು ಎಂದು ಬಂತು. ತಂಗಿ ಕೆಳಗೆ ಇಳಿದು ಡ್ರೈವರನ್ನು ಕಳಿಸಿದರು. ಪ್ರತಿ ಭಾನುವಾರ ಬಂದು ಪರೀಕ್ಷೆ ಮಾಡುತ್ತೇನೆ ಎಂದರು. ಸಂಜೆಯ ಬಸ್ಸಿಗೆ ಹೋಗುವವರೆಗೆ ಮಾತಾಡಿದರು, ಅಣ್ಣನ ಮಾತು, ತಮ್ಮ ಮಾತು, ಎರಡೂ ತಾವೇ. ಒಂದು ದಿನದಲ್ಲಿ ಯಾರು ಬದಲಾಗುತ್ತಾರೆ.

ಅದಾದ ಮೇಲೆ ಎರಡು ವರ್ಷಕ್ಕೆ ಸ್ವಲ್ಪ ಜಾಸ್ತಿ ಇದ್ದರು. ಎರಡು ಸಲ ಕಫ ಕಟ್ಟಿತು. ಒಂದು ಸಲ "ಬನ್ನಿ" ಎಂದೂ ಪೂರ್ತಿ ಬರಲಿಲ್ಲ, "ಬ" ಬಂತು, ಇಳಿದೆ. ಉಳಿದ ದಿನವೆಲ್ಲ ಬರೀ ಮಾತು. ಮಾತು ಎಂದರೆ ಏನು, ಜಗಳ. ನುಗ್ಗೆಗಿಡಕ್ಕೆ ನೀರು ಜಾಸ್ತಿ ಬಿಟ್ಟಿರಿ ಎಂದು ಅವರು, ನನ್ನ ಗಿಡ ನನ್ನ ನೀರು ಎಂದು ನಾನು. ನಾನು ಕುಕ್ಕರಿನ ಕೂಗು ಎಣಿಸಲು ಮರೆತರೆ ಕೆಳಗಿನಿಂದ "ನಾಕಾಯ್ತು" ಎಂದು ಬರುತ್ತಿತ್ತು. ಒತ್ತಕ್ಷರ ಹಾಕುವುದನ್ನು ಅವರೇ ಕಲಿಸಿದರು, ಬೈಗುಳ ಬರೆಯುವುದಕ್ಕಾದರೂ ಕಲಿಯಿರಿ ಎಂದು. ಈಗ ಬಸ್ಸಿನ ಬೋರ್ಡು ನಾನೇ ಓದುತ್ತೇನೆ, ಮಾತ್ರೆಯ ಚೀಟಿ ನಾನೇ ಓದುತ್ತೇನೆ, ಇದನ್ನು ನಾನೇ ಒಂದು ಬೆರಳಲ್ಲಿ ಒತ್ತಿ ಬರೆದಿದ್ದೇನೆ. ಅದು ಆ ಮನುಷ್ಯನಿಂದ ಬಂದದ್ದು. ಎಪ್ಪತ್ತು ದಾಟಿದವಳಿಗೆ ಅಕ್ಷರ ಕೊಟ್ಟವರನ್ನು ಏನೆಂದು ಕರೆಯಬೇಕೋ ನನಗೆ ಗೊತ್ತಿಲ್ಲ. ಫೋರ್‌ಮನ್ ಎಂದೇ ಕರೆದೆ.

ಬರೆದದ್ದು ಯಾವುದೂ ಯಂತ್ರದಲ್ಲಿ ಉಳಿಯುತ್ತಿರಲಿಲ್ಲ. ಪರದೆಯ ಮೇಲಿನ ಆ ಕಿಟಕಿ ಮುಚ್ಚಿದರೆ ಅಳಿಸಿಹೋಗುವ ಹಾಗೆ ಅವರೇ ಮಾಡಿದ್ದರು. ನಿನ್ನೆ ಏನೆಂದಿರಿ ತೋರಿಸಿ ಎಂದು ಒಮ್ಮೆ ನಾನು ಜಗಳ ತೆಗೆದಾಗ ಬರೆದರು: "ಆಡಿದ ಮಾತು ಹೋಗಬೇಕು. ಉಳಿದರೆ ಅದು ಕಚೇರಿ ಕಾಗದ."

ಹೋದ ಕಾರ್ತಿಕದಲ್ಲಿ ಒಂದು ಮಧ್ಯಾಹ್ನ ಊಟವಾಯಿತೇ ಎಂದು ಬರೆದೆ. ಉತ್ತರ ಬರಲಿಲ್ಲ. ಬೆಳಿಗ್ಗೆ ನುಗ್ಗೆಗಿಡದ ಜಗಳ ಆಗಿತ್ತು, ಮುನಿಸು ಎಂದುಕೊಂಡೆ. ಮತ್ತೆ ಬರೆದೆ. ಇಲ್ಲ. ತಂತಿ ಸರಿಯಿದೆಯೇ ಎಂದು, ಅವರು ಕಲಿಸಿದಂತೆ, ಹನ್ನೊಂದನೇ ನಂಬರನ್ನು ಕೂಗಿಸಿದೆ. ಓ ಎಂದಿತು. ಮತ್ತೆ ಓ. ಸಾಲಿನ ಮೇಲೆ ಸಾಲು, ಒಂದೂ ತಪ್ಪದೆ. ದಾರಿ ಸರಿಯಿತ್ತು. ನಾನು ಇಳಿದೆ. ಕುರ್ಚಿಯಲ್ಲಿ ಕೂತಿದ್ದರು. ಕತ್ತಿನ ಬಟ್ಟೆ ಅಲುಗುತ್ತಿರಲಿಲ್ಲ. ಮೈ ತಣ್ಣಗಾಗಿತ್ತು. ಎದೆ ನಿಂತು ಬಹಳ ಹೊತ್ತಾಗಿದೆ, ಕಫ ಅಲ್ಲ ಎಂದರು ಆಮೇಲೆ ಬಂದ ಡಾಕ್ಟರು. ಮುಂದಿದ್ದ ಲ್ಯಾಪ್‌ಟಾಪ್ ತನ್ನ ಪಾಡಿಗೆ ಮೇಲಿನದಕ್ಕೆ ಓಗೊಡುತ್ತಲೇ ಇತ್ತು. ಮುಂದೆ ಕೂತವನು ಇದ್ದಾನೋ ಇಲ್ಲವೋ ಅದಕ್ಕೇನು ಗೊತ್ತು. ನಾನೇ ಮುಚ್ಚಳ ಮುಚ್ಚಿದೆ. ಜನ್ನಾಪುರಕ್ಕೆ ಫೋನು ಮಾಡಿದೆ.

ಕಾರ್ಯಗಳೆಲ್ಲ ಮುಗಿದ ಮೇಲೆ ತಂಗಿ ಸಾಮಾನು ನೋಡಲು ಬಂದರು. ಸಾಮಾನು ಮುಟ್ಟಲಿಲ್ಲ. ಸೀದಾ ಲ್ಯಾಪ್‌ಟಾಪ್ ಮುಂದೆ ಕೂತು, ಅಣ್ಣ ಬರೆದದ್ದೆಲ್ಲ ತೆಗೆಯಿರಿ, ಓದಬೇಕು ಎಂದರು. ಏನೂ ಉಳಿದಿಲ್ಲ ಎಂದೆ. ನಂಬಲಿಲ್ಲ. ಕೀಲಿಗಳನ್ನು ಒತ್ತಿ ಒತ್ತಿ ನೋಡಿದರು. ಪರದೆ ಕರಿಯಾಗಿಯೇ ಇತ್ತು.

"ಎರಡು ವರ್ಷ ಮಾತಾಡಿದಾನೆ ನಿಮ್ಮತ್ರ. ಒಂದ್ ಸಾಲೂ ಇಲ್ವಾ? ನನ್ ವಿಷಯ ಏನೂ ಹೇಳ್ಲಿಲ್ವಾ?"

ಸುಳ್ಳು ಹೇಳಿ ಸಮಾಧಾನ ಮಾಡುವ ಚಾಳಿ ನನಗಿಲ್ಲ. ಇದ್ದದ್ದನ್ನು ಹೇಳಿದೆ. ನಿಮ್ಮ ಪಲ್ಯಕ್ಕೆ ಎಣ್ಣೆ ಜಾಸ್ತಿ ಎನ್ನುತ್ತಿದ್ದರು. ಅವಳು ಬಂದರೆ ನನ್ನ ಪಾಲಿನ ಮಾತೂ ಅವಳೇ ಆಡುತ್ತಾಳೆ, ನನಗೆ ರಜಾ ಎನ್ನುತ್ತಿದ್ದರು. ಅವರು ತುಟಿ ಕಚ್ಚಿಕೊಂಡರು. ಇನ್ನೊಂದಿದೆ ಎಂದೆ. ಭಾನುವಾರ ಸಂಜೆ ನೀವು ಹೊರಟು ಅರ್ಧ ಗಂಟೆಗೆ ಸರಿಯಾಗಿ ಮೇಲೆ ಟಣ್ ಎನ್ನುತ್ತಿತ್ತು. ಒಂದು ವಾರವೂ ತಪ್ಪಿಲ್ಲ. "ಬಸ್ ಸಿಕ್ತಾ ಕೇಳಿ." ನಾನು ಫೋನು ಮಾಡಿ ಕೇಳುತ್ತಿದ್ದೆನಲ್ಲ, ಅದು ನನ್ನ ಪ್ರಶ್ನೆ ಎಂದುಕೊಂಡಿದ್ದಿರಿ. ನನಗೆ ನಿಮ್ಮ ಬಸ್ಸಿನ ಚಿಂತೆ ಯಾಕೆ.

"ನಂಗೇ ಕೇಳಬಹುದಿತ್ತು ಅವ್ನು," ಎಂದರು.

"ಕೇಳಕ್ಕೆ ಬಿಟ್ಟಿದ್ರಾ?"

ಇದನ್ನು ಹೇಳಬಾರದಿತ್ತೇನೋ. ಹೇಳಿಯಾಗಿತ್ತು. ಅವರು ಅಳಲಿಲ್ಲ. ಸೆರಗನ್ನು ಬೆರಳಿಗೆ ಸುತ್ತಿಕೊಂಡು ಕೂತರು. ಆಮೇಲೆ, ಇನ್ನೇನು ಹೇಳುತ್ತಿದ್ದ ಎಂದು ಕೇಳಿದರು. ನಾನು ನೆನಪಾದದ್ದನ್ನೆಲ್ಲ ಹೇಳತೊಡಗಿದೆ. ಪಂಪುಗಳ ಮಾತು, ಕೊಳಾಯಿಯ ಮಾತು, ತೀರಿಹೋದ ಹೆಂಡತಿಯನ್ನು ಅವರು ಯಾವಾಗಲೂ ಪೂರ್ತಿ ಹೆಸರಿನಿಂದಲೇ ನೆನೆಯುತ್ತಿದ್ದದ್ದು, ಚಿಕ್ಕಂದಿನಲ್ಲಿ ಈ ತಂಗಿಯನ್ನು ಹೆಗಲ ಮೇಲೆ ಹೊತ್ತು ಹೊಳೆ ದಾಟಿಸಿದ್ದು. ನನ್ನ ಮಾತು ಓದಿನ ಹಾಗೆಯೇ ನಿಧಾನ, ನೆನಪು ತಪ್ಪಿ ನಡುವೆ ನಿಲ್ಲುತ್ತಿದ್ದೆ. ಅವರು ಕಾದರು. ಒಂದು ಸಲವೂ ಮುಂದಿನ ಪದ ತಾವಾಗಿ ಹಾಕಲಿಲ್ಲ.

ಹೊತ್ತು ಇಳಿಯುತ್ತಾ ಬಂತು, ಬಸ್ಸಿಗೆ ಹೊತ್ತಾಯಿತೆಂದು ನಾನೇ ಎಬ್ಬಿಸಿ ಕಳಿಸಿದೆ. ಅವರು ಹೋದ ಮೇಲೆ ರಾಗಿ ಹಿಟ್ಟು ಕಲೆಸಲು ಕೂತೆ, ಕಲೆಸಲಾಗಲಿಲ್ಲ. ಎದ್ದು ಕಿಟಕಿಗೆ ಹೋದೆ, ಒಲೆಯ ಹತ್ತಿರ ಬಂದೆ. ಅರ್ಧ ಗಂಟೆ ಆಯಿತು. ಕೈ ತೊಳೆದು ಫೋನು ತೆಗೆದುಕೊಂಡು, ಬಸ್ಸು ಸಿಕ್ಕಿತೇ ಎಂದು ಕೇಳಿದೆ.

ಸಿಕ್ಕಿತು ಎಂದರು.